ಎರಡು ಗಂಟೆ ನುಡಿಸಿದೆ, ಎಂಟು ಬಾರ್ ಉಳಿಯಿತು. ಸೆಷನ್ ಗಿಟಾರಿಸ್ಟ್ ಬದುಕು ಅಂದ್ರೆ ಇಷ್ಟೇನಾ?

ಶಿರಾಗೇಟ್_ಹುಡುಗ, ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ ಹೇಳಿ.

ನನಗೆ 24 ವರ್ಷ. ಡಿಪ್ಲೊಮಾ ಮುಗಿಸಿ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದೇನೆ. ಹೈಸ್ಕೂಲಿನಿಂದ ಗಿಟಾರ್ ಹಿಡಿದಿದ್ದೇನೆ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಆರ್ಕೆಸ್ಟ್ರಾದವರು ಕರೆಯುತ್ತಾರೆ. ಗುಬ್ಬಿ, ತಿಪಟೂರು, ಕುಣಿಗಲ್, ಎಲ್ಲಾ ಕಡೆ ಸ್ಟೇಜ್ ಹತ್ತಿದ್ದೇನೆ. ಆದರೆ ಮನಸ್ಸಿರೋದು ರಾಕ್ ಮೇಲೆ. ರೂಮಿನಲ್ಲಿ ಒಬ್ಬನೇ ಇದ್ದಾಗ ಅದೇ.

ಎರಡು ತಿಂಗಳ ಹಿಂದೆ ಮೊದಲ ಸಲ ಸೆಷನ್ ಕೆಲಸ, ಅಂದ್ರೆ ಸ್ಟುಡಿಯೋದಲ್ಲಿ ಬೇರೆಯವರ ಹಾಡಿಗೆ ನುಡಿಸುವ ಕೆಲಸ, ಸಿಕ್ಕಿತು. ಬೆಂಗಳೂರಿನಲ್ಲಿ, ಒಂದು ಭಾವಗೀತೆ ಆಲ್ಬಂಗೆ. ರಾತ್ರಿ ಪಾಳಿ ಮುಗಿಸಿ, ನಿದ್ದೆ ಮಾಡದೆ, ಬೆಳಗಿನ ರೈಲು ಹಿಡಿದೆ. ಗಿಟಾರ್, ಮೂರು ಪೆಡಲ್, ಒಂದು ಮಲ್ಟಿ ಎಫೆಕ್ಟ್ಸ್, ಎಲ್ಲಾ ಹೊತ್ತುಕೊಂಡು ಹೋದೆ. ಪಲ್ಲವಿ ಮುಗಿದ ಮೇಲೆ ಬರುವ ಜಾಗಕ್ಕೆ ಒಂದು ಲೀಡ್, ಅಂದ್ರೆ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಮಾಡಿಕೊಂಡಿದ್ದೆ, ಒಂದು ವಾರ ಅದನ್ನೇ ನುಡಿಸಿದ್ದೆ. ಅಲ್ಲಿ ನುಡಿಸಿದಾಗ ಚೆನ್ನಾಗಿದೆ ಅಂದರು. ಆಮೇಲೆ ಡಿಸ್ಟಾರ್ಷನ್ (ದನಿ ಒರಟು ಮಾಡುವ ಎಫೆಕ್ಟ್) ತೆಗೆದು ಕ್ಲೀನ್ ಟೋನ್‌ನಲ್ಲಿ ಒಂದು ಸಲ ನುಡಿಸಿ ಅಂದರು. ಆಮೇಲೆ ಎರಡನೇ ಚರಣದಲ್ಲಿ ಸುಮ್ನೆ ತಂತಿ ಒತ್ತಿ ಹಿಡಿದು ಟಕ್ ಟಕ್ ಅಂತ ರಿದಂ ಕೊಡಿ ಅಂದರು. ಎರಡು ಗಂಟೆ ಆಯಿತು. ದುಡ್ಡು ಅವತ್ತೇ ಕೊಟ್ಟರು, ಅದರಲ್ಲಿ ತಕರಾರಿಲ್ಲ.

ಹೋದ ವಾರ ಹಾಡು ಬಂತು. ಲೀಡ್ ಇಲ್ಲ. ಆ ಜಾಗದಲ್ಲಿ ಕೊಳಲು ಇದೆ. ಎರಡನೇ ಚರಣದ ಎಂಟು ಬಾರ್, ಅಂದ್ರೆ ತಾಳದ ಎಂಟು ಸುತ್ತು, ಟಕ್ ಟಕ್ ಮಾತ್ರ ನನ್ನದು. ಕೆಳಗೆ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಕೊಳಲಿನವರ ಹೆಸರು ಇದೆ. ನನ್ನ ಹೆಸರು ಇಲ್ಲ. ಅಮ್ಮನಿಗೆ ಕೇಳಿಸೋಣ ಅಂತ ಫೋನ್ ಹಿಡಿದುಕೊಂಡು ಕೂತಿದ್ದೆ, ಎಲ್ಲಿ ನಿನ್ನದು ಅಂತ ಕೇಳಿದರು. ತೋರಿಸೋಕೆ ನನಗೇ ಆಗಲಿಲ್ಲ.

ಅವತ್ತಿನಿಂದ ಗಿಟಾರ್ ಮುಟ್ಟಿಲ್ಲ. ಅಮೆರಿಕದ ಗಿಟಾರಿಸ್ಟ್ ಸ್ಟೀವ್ ಲೂಕಥರ್ 1500ಕ್ಕೂ ಹೆಚ್ಚು ಆಲ್ಬಂಗಳಲ್ಲಿ ನುಡಿಸಿದ್ದಾರೆ ಅಂತ ಓದಿದೆ. ಅವರೂ ಹೀಗೇ ನುಡಿಸಿ ಎದ್ದು ಬರುತ್ತಿದ್ದರಾ? ಅಷ್ಟು ವರ್ಷ ಹೇಗೆ ಮಾಡಿದರು? ನನಗೆ ಈ ಕೆಲಸ ಬೇಕೇ ಬೇಕು, ಆದರೆ ಏನು ಕಲಿಯಬೇಕು, ಕೆಲಸ ಬಿಡಬಹುದಾ ಅಂತ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಹಳೇ_ಆರ್ಕೆಸ್ಟ್ರಾ, ತುಮಕೂರು

ತಮ್ಮಾ, ನಿನ್ನ ಪೋಸ್ಟ್ ಬೆಳಿಗ್ಗೆ ಓದಿದೆ, ಆಮೇಲೆ ಅಂಗಡಿಯಲ್ಲಿ ಕೂತಿದ್ದಾಗಲೂ ಅದೇ ತಲೆಯಲ್ಲಿತ್ತು. ನಾನು ಈ ಜಿಲ್ಲೆಯಲ್ಲಿ 30 ವರ್ಷ ಆರ್ಕೆಸ್ಟ್ರಾಗಳಲ್ಲಿ ರಿದಂ ಗಿಟಾರ್ ನುಡಿಸಿದವನು. ಲೂಕಥರ್ ಅಂದರೆ ನನಗೆ ಪ್ರಾಣ. ಅದಕ್ಕೆ ಪುರಸೊತ್ತಾಗಿ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1957ರ ಅಕ್ಟೋಬರ್ 21ಕ್ಕೆ, ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೋ ವ್ಯಾಲಿ ಕಡೆ. ಏಳು ವರ್ಷ ಇದ್ದಾಗ ಅವರಪ್ಪ ಒಂದು ಕೇ ಕಂಪನಿಯ ಗಿಟಾರು, ಜೊತೆಗೆ ಬೀಟಲ್ಸ್ ರೆಕಾರ್ಡು ತಂದುಕೊಟ್ಟರು. ಅಲ್ಲಿಂದ ಕೇಳಿ ಕೇಳಿ ಕಲಿತರು. ಮುಂದೆ ಗ್ರಾಂಟ್ ಹೈಸ್ಕೂಲಿಗೆ ಹೋದಾಗ ಪೊರ್ಕಾರೋ ಅಣ್ಣತಮ್ಮಂದಿರು, ಡೇವಿಡ್ ಪೇಚ್, ಇವರೆಲ್ಲಾ ಸಿಕ್ಕರು. ಅಷ್ಟು ಹೊತ್ತಿಗೆ ಕೈ ಚೆನ್ನಾಗಿ ಓಡುತ್ತಿತ್ತು. ಆದರೂ ಜಿಮ್ಮಿ ವೈಬಲ್ ಅನ್ನುವ ಹಿರಿಯ ಜಾಜ್ ಗಿಟಾರಿಸ್ಟ್ ಹತ್ತಿರ ಪಾಠಕ್ಕೆ ಸೇರಿದರು, ನೊಟೇಷನ್ ಓದುವುದನ್ನು ಕಲಿಯೋಕೆ. ಇದನ್ನು ಗಮನಿಸು. ರಾಕ್ ನುಡಿಸುವ ಹುಡುಗ, ಕಿವಿಯಲ್ಲೇ ಎಲ್ಲಾ ಹಿಡಿಯಬಲ್ಲವನು, ಆದರೂ ಹೋಗಿ ಕೂತು ಓದೋದು ಕಲಿತ. ಸ್ಟುಡಿಯೋದಲ್ಲಿ ಹಾಳೆ ಮುಂದಿಟ್ಟರೆ ನುಡಿಸಬೇಕಲ್ಲ.

20 ತುಂಬುವ ಹೊತ್ತಿಗೆ ಗಾಯಕ ಬಾಜ್ ಸ್ಕ್ಯಾಗ್ಸ್ ಜೊತೆ ನುಡಿಸುತ್ತಿದ್ದರು. ಜೇ ಗ್ರೇಡನ್ ಅಂತ ಇನ್ನೊಬ್ಬ ದೊಡ್ಡ ಸೆಷನ್ ಗಿಟಾರಿಸ್ಟ್, ಅವರು ಈ ಹುಡುಗನನ್ನು ಕೈ ಹಿಡಿದು ಮೇಲೆ ತಂದರು. ಸ್ಕೂಲಿನ ಗೆಳೆಯರೇ ಸೇರಿಕೊಂಡು ಕಟ್ಟಿದ್ದು ಟೋಟೋ ಬ್ಯಾಂಡ್, ಮೊದಲ ಆಲ್ಬಂ 1978ರಲ್ಲಿ. ಬ್ಯಾಂಡೂ ನಡೆಯುತ್ತಿತ್ತು, ಬೇರೆಯವರ ಹಾಡಿಗೆ ನುಡಿಸೋದೂ ನಡೆಯುತ್ತಿತ್ತು. 1983ರ ಗ್ರ್ಯಾಮಿಯಲ್ಲಿ ಆ ವರ್ಷದ ಆಲ್ಬಂ, ಆ ವರ್ಷದ ರೆಕಾರ್ಡ್, ಎರಡೂ ಟೋಟೋಗೆ ಬಂದವು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಮೈಕೆಲ್ ಜಾಕ್ಸನ್ ಅವರ 'ಬೀಟ್ ಇಟ್' ಕೇಳಿರುತ್ತೀಯ. 1982ರ 'ಥ್ರಿಲ್ಲರ್' ಆಲ್ಬಂನದು. ಆ ಹಾಡಿನ ಗಿಟಾರ್ ಅಂದ ತಕ್ಷಣ ಎಲ್ಲರೂ ಎಡ್ಡಿ ವ್ಯಾನ್ ಹೇಲನ್ ಅನ್ನುತ್ತಾರೆ. ಎಡ್ಡಿ ನುಡಿಸಿದ್ದು ಸೋಲೋ ಮಾತ್ರ. ಮತ್ತೆ ಮತ್ತೆ ಬಂದು ಹಾಡು ಪೂರ್ತಿ ಎಳೆದುಕೊಂಡು ಹೋಗುತ್ತಲ್ಲ ಆ ರಿಫ್, ಅದರಲ್ಲಿ ಲೂಕಥರ್ ಇದ್ದಾರೆ. ಬೇಸ್ ಕೂಡ ಅವರದೇ.

ಅದು ಹೇಗಾಯಿತು ಅಂತ ಲೂಕಥರ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಎಡ್ಡಿ ಸೋಲೋ ನುಡಿಸುವಾಗ ಟೇಪನ್ನು ಕತ್ತರಿಸಿ ಜೋಡಿಸಿದ್ದರಂತೆ. ಆಗೆಲ್ಲಾ ಎರಡು ಇಂಚು ಅಗಲದ ಟೇಪು. ಎರಡು ಯಂತ್ರ ಒಟ್ಟಿಗೆ ಓಡಬೇಕು ಅಂದರೆ ಟೇಪಿನಲ್ಲಿ ಒಂದು ಕೋಡ್ ಇರುತ್ತೆ, ಕತ್ತರಿಸಿದ ಮೇಲೆ ಅದು ತಪ್ಪಿಹೋಯಿತು. ಮಿಕ್ಕ ವಾದ್ಯಗಳ ಜೊತೆ ಸೇರುತ್ತಲೇ ಇಲ್ಲ. ಕೈಯಲ್ಲಿ ಉಳಿದದ್ದು ಮೈಕೆಲ್ ದನಿ, ಎಡ್ಡಿಯ ಸೋಲೋ, ಮತ್ತೆ ಮೈಕೆಲ್ ಡ್ರಮ್ ಪೆಟ್ಟಿಗೆ ಮೇಲೆ ಹೊಡೆದ ತಾಳ, ಇಷ್ಟೇ. ಟೋಟೋದ ಡ್ರಮ್ಮರ್ ಜೆಫ್ ಪೊರ್ಕಾರೋ ಆ ದನಿ ಕೇಳಿಕೊಂಡು ಡ್ರಮ್ ಕೋಲಿನಲ್ಲಿ ತಾಳ ತೋರಿಸುವ ಒಂದು ಕ್ಲಿಕ್ ಹಾಕಿಕೊಂಡರು. ಆಮೇಲೆ ಡ್ರಮ್ಸ್ ನುಡಿಸಿದರು. ಅದರ ಮೇಲೆ ಲೂಕಥರ್. ಸಾಮಾನ್ಯವಾಗಿ ತಾಳ ಮೊದಲು ಬರುತ್ತೆ, ಹಾಡು ಆಮೇಲೆ. ಇಲ್ಲಿ ಹಾಡು ಮೊದಲೇ ಇದೆ, ಅದರ ಕೆಳಗೆ ತಾಳ ಕೂರಿಸಬೇಕು. ಮೇಲ್ಛಾವಣಿ ಇದೆ, ಗೋಡೆ ಎಬ್ಬಿಸಿ ಅಂದ ಹಾಗೆ.

ಎಡ್ಡಿಯ ಸೋಲೋ ಇದೆಯಲ್ಲ ಅಂತ ಲೂಕಥರ್ ದೊಡ್ಡ ಮಾರ್ಷಲ್ ಆಂಪ್ ಇಟ್ಟುಕೊಂಡು ನಾಲ್ಕು ಪದರ ಗಿಟಾರ್ ಹಾಕಿದರು. ಅಬ್ಬರ ಅಂದ್ರೆ ಅಬ್ಬರ. ಆಲ್ಬಂ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಕೇಳಿ ಇದು ಜಾಸ್ತಿ ಆಯಿತು, ಹೀಗಿದ್ದರೆ ನಮಗೆ ಬೇಕಾದ ರೇಡಿಯೋದವರು ಹಾಕಲ್ಲ, ಚಿಕ್ಕ ಆಂಪ್ ತಗೊಂಡು ಮತ್ತೆ ನುಡಿಸು ಅಂದರು. ಲೂಕಥರ್ ಚಿಕ್ಕ ಫೆಂಡರ್ ಆಂಪ್ ಇಟ್ಟು, ಡಿಸ್ಟಾರ್ಷನ್ ಇಳಿಸಿ, ಮೊದಲಿಂದ ನುಡಿಸಿದರು. ನಾವು 40 ವರ್ಷದಿಂದ ಕೇಳುತ್ತಿರೋದು ಅದನ್ನೇ.

ನಿನಗೆ ಡಿಸ್ಟಾರ್ಷನ್ ತೆಗಿ ಅಂದರಲ್ಲ, ಅವರಿಗೂ ಅದನ್ನೇ ಅಂದರು. ಅಷ್ಟು ಹೊತ್ತಿಗೆ ಅವರು ಲಾಸ್ ಏಂಜಲೀಸಿನಲ್ಲಿ ಎಲ್ಲರೂ ಮೊದಲು ಫೋನ್ ಮಾಡುವ ಗಿಟಾರಿಸ್ಟ್.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಮ್ಮ ಗುಬ್ಬಿ ನಾಟಕ ಕಂಪನಿ ಗೊತ್ತಲ್ಲ, 1884ರಲ್ಲಿ ಶುರುವಾಗಿದ್ದು. ನಮ್ಮ ತಾತ ಕಂಪನಿ ನಾಟಕಗಳ ಹುಚ್ಚರು. ಅವರು ಹೇಳುತ್ತಿದ್ದರು, ನಟ ಮೇಲಿನ ಷಡ್ಜಕ್ಕೆ ಹೋಗಿ ನಿಂತು ಚಪ್ಪಾಳೆ ಗಿಟ್ಟಿಸುವಾಗ ಕೆಳಗೆ ಕೂತ ಹಾರ್ಮೋನಿಯಂ ಮಾಸ್ತರು ಶ್ರುತಿ ಬಿಡದೆ ಹಿಡಿದಿರುತ್ತಿದ್ದರಂತೆ, ನಟನಿಗೆ ಉಸಿರು ಸಾಲಲ್ಲ ಅನ್ನಿಸಿದರೆ ತಾವೇ ಒಂದು ಸ್ವರ ಎತ್ತಿ ತುಂಬುತ್ತಿದ್ದರಂತೆ. ಜನ ಎದ್ದು ಒನ್ಸ್ ಮೋರ್ ಅನ್ನೋದು ನಟನಿಗೆ. ತಾತ ಮಾತ್ರ ಮನೆಗೆ ಬಂದು ಮಾಸ್ತರ ವಿಷಯ ಹೇಳುತ್ತಿದ್ದರು. ನಿನ್ನ ಎಂಟು ಬಾರ್ ಹಾಡು ಇಲ್ಲಿ ಹಾಕಪ್ಪ, ನಾನು ಕೇಳಬೇಕು.

ನಂದಿಬೆಟ್ಟದ_ಕೆಳಗೆ, ಚಿಕ್ಕಬಳ್ಳಾಪುರ

ಹಿರಿಯರು ಹೇಳಿದ್ದು ಓದಿ ಖುಷಿಯಾಯಿತು ಸರ್. ಆದರೆ ಬ್ರೋ, ಆ ಕಾಲ ಬೇರೆ ಅನ್ನೋದನ್ನೂ ಹೇಳಲೇಬೇಕು, ಇಲ್ಲಾಂದ್ರೆ ನೀವು ನಾಳೆನೇ ಫ್ಯಾಕ್ಟರಿ ಬಿಟ್ಟುಬಿಡುತ್ತೀರ.

ಅಲ್ಲಿ ಆಗ ಸೆಷನ್ ಅಂದರೆ ಮೂರು ಗಂಟೆ. ಅದಕ್ಕೆ ಕಲಾವಿದರ ಯೂನಿಯನ್ ಗೊತ್ತು ಮಾಡಿದ ದರ. ಮೂರು ಗಂಟೆ ಮೀರಿದರೆ ಓವರ್‌ಟೈಮ್. ಬೇಡಿಕೆ ಇದ್ದವರು ಡಬಲ್ ದರ ಕೇಳುತ್ತಿದ್ದರು. ದಿನಕ್ಕೆ ಮೂರು ಸೆಷನ್ ಮಾಡಿದವರಿದ್ದಾರೆ. ಆಂಪು, ರ‍್ಯಾಕು ಹೊತ್ತು ತಂದು ಮೊದಲೇ ಜೋಡಿಸಿಡೋಕೆ ಬೇರೆ ಜನ ಇರುತ್ತಿದ್ದರು. 1983ರಲ್ಲಿ ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ವಿಧಾನ) ಬಂತು, ಡ್ರಮ್ ಮಷೀನ್ ಬಂತು, ಆಮೇಲೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡೋದು ಬಂತು. ಅಲ್ಲೇ ಆ ಕೆಲಸ ಸೊರಗಿತು. ಲೂಕಥರ್ ಕೂಡ ಆಮೇಲೆ ಹೆಚ್ಚಾಗಿ ಟೂರ್ ಮಾಡಿಯೇ ಬದುಕಿದ್ದು. 2012ರಿಂದ ಬೀಟಲ್ಸ್‌ನ ರಿಂಗೋ ಸ್ಟಾರ್ ಅವರ ತಂಡದಲ್ಲೂ ನುಡಿಸುತ್ತಿದ್ದಾರೆ.

ನಾನು ಶಿಡ್ಲಘಟ್ಟದವನು, ಈಗ ಚಿಕ್ಕಬಳ್ಳಾಪುರದಲ್ಲಿ ಮನೆಯ ಒಂದು ರೂಮಿನಲ್ಲಿ ಮಿಕ್ಸಿಂಗ್ ಮಾಡುತ್ತೇನೆ. ಶಾರ್ಟ್ ಫಿಲ್ಮ್, ಜನಪದ ಆಲ್ಬಂ, ದೇವರ ಹಾಡು, ಬಂದದ್ದೆಲ್ಲಾ. ಶುರು ಮಾಡಿದ್ದು ಶಿಡ್ಲಘಟ್ಟದ ಹಳೇ ಮನೆಯಲ್ಲಿ. ಪಕ್ಕದಲ್ಲೇ ರೇಷ್ಮೆ ರೀಲಿಂಗ್ ನಡೆಯುತ್ತಿತ್ತು, ಬೆಳಿಗ್ಗೆಯಿಂದ ಗರ್ರ್ ಅಂತ ಒಂದೇ ಸದ್ದು, ಮೈಕ್ ಇಟ್ಟರೆ ಅದೂ ಬರುತ್ತೆ. ಅದಕ್ಕೆ ರಾತ್ರಿ ಹನ್ನೊಂದರ ಮೇಲೆ ಕೂರುತ್ತಿದ್ದೆ, ಕಿಟಕಿಗೆ ಎರಡು ಕಂಬಳಿ ಕಟ್ಟಿ. ಗಿಟಾರಿಗೆ ಮಾತ್ರ ಆ ತೊಂದರೆ ಇರಲಿಲ್ಲ, ನೇರ ಕಂಪ್ಯೂಟರಿನ ಇಂಟರ್‌ಫೇಸಿಗೆ ಚುಚ್ಚಿದರೆ ಆಯಿತು.

ನಿಮ್ಮ ಲೀಡ್ ಯಾಕೆ ಹೋಯಿತು ಅಂತ ನನ್ನ ಕುರ್ಚಿಯಿಂದ ಹೇಳುತ್ತೇನೆ. ಭಾವಗೀತೆಯಲ್ಲಿ ಮಾತು ಕೇಳಬೇಕು. ಡಿಸ್ಟಾರ್ಷನ್ ಹಾಕಿದ ಗಿಟಾರ್ ಹಾಡುವವರ ದನಿ ಇರುವ ಫ್ರೀಕ್ವೆನ್ಸಿ ಜಾಗದಲ್ಲೇ ಬಂದು ಕೂರುತ್ತೆ. ಹಾಗಾಗಿ ಗಿಟಾರ್ ನಿಂತು ದನಿ ಬರುವ ಹೊತ್ತಿಗೆ ಹಾಡಿನ ಕಾವು ಇಳಿದಂತೆ ಆಗುತ್ತೆ. ಕೊಳಲು ಹಾಗಲ್ಲ, ತೆಳುವಾಗಿ ಬಂದು ಹೋಗುತ್ತೆ. ನಿಮ್ಮ ಲೀಡ್ ಕೆಟ್ಟದಾಗಿತ್ತು ಅಂತ ಇದರ ಅರ್ಥ ಅಲ್ಲವೇ ಅಲ್ಲ. ನಾನೇ ಎಷ್ಟು ಒಳ್ಳೆ ಟ್ರ್ಯಾಕುಗಳನ್ನು ಮ್ಯೂಟ್ ಮಾಡಿದ್ದೇನೋ. ಮಾಡುವಾಗ ಹೊಟ್ಟೆ ಉರಿಯುತ್ತೆ, ನಿಜ ಹೇಳುತ್ತಿದ್ದೇನೆ.

ಈಗ ಕೆಲಸ ಬರೋದು ಹೇಗೆ ಅಂದರೆ ವಾಟ್ಸಾಪಿನಲ್ಲಿ. ಹಾಡು ಕಳಿಸುತ್ತಾರೆ, ಟೆಂಪೋ (ಹಾಡಿನ ವೇಗ) ಹೇಳುತ್ತಾರೆ, ನಾಳೆ ಸಂಜೆಗೆ ಬೇಕು ಅನ್ನುತ್ತಾರೆ. ನೀವು ಮನೆಯಲ್ಲೇ ನುಡಿಸಿ ಫೈಲ್ ಕಳಿಸಬೇಕು. ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಸ್. ಹಾಡಿನ ಸೊನ್ನೆಯಿಂದಲೇ ಶುರುವಾಗಬೇಕು, ನೀವು ನುಡಿಸೋದು ಮೂರನೇ ನಿಮಿಷದಲ್ಲಿದ್ದರೂ ಸರಿ. ಎಫೆಕ್ಟ್ ಹಾಕಿದ್ದು ಒಂದು, ಏನೂ ಹಾಕದ ಹಸಿ ಟ್ರ್ಯಾಕ್ ಒಂದು. ಆ ಹಸಿ ಟ್ರ್ಯಾಕ್ ಕಳಿಸುವವರನ್ನು ನಾವು ಮತ್ತೆ ಮತ್ತೆ ಕರೆಯುತ್ತೇವೆ, ಟೋನ್ ನಾವೇ ಬದಲಾಯಿಸಿಕೊಳ್ಳಬಹುದಲ್ಲ. ಕೆಲಸ ಬಿಡಬೇಡಿ. ಶಿಫ್ಟ್ ಜೊತೆಗೇ ಇದನ್ನು ಮಾಡಬಹುದು.

ಶಿರಾಗೇಟ್_ಹುಡುಗ, ತುಮಕೂರು

ಇಬ್ಬರಿಗೂ ತುಂಬಾ ಧನ್ಯವಾದ. 'ಬೀಟ್ ಇಟ್' ಈಗ ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದೆ. ಇಷ್ಟು ದಿನ ಸೋಲೋಗೆ ಕಾಯುತ್ತಿದ್ದೆ, ಇವತ್ತು ರಿಫ್ ಮಾತ್ರ ಹಿಂಬಾಲಿಸಿದೆ. ಅಷ್ಟು ಅಬ್ಬರ ಇಲ್ಲ ಅದರಲ್ಲಿ. ಮೊದಲು ಗೊತ್ತೇ ಆಗಿರಲಿಲ್ಲ.

ಅಣ್ಣಾ, ಹಾಡು ಇಲ್ಲಿ ಹಾಕೋದು ಬೇಡ, ಯಾರ ಸ್ಟುಡಿಯೋ ಅಂತ ಗೊತ್ತಾಗುತ್ತೆ. ನಿಮಗೆ ಬೇರೆ ಕಳಿಸುತ್ತೇನೆ. ಹೆಸರು ಹಾಕದೇ ಇದ್ದದ್ದು ಮಾತ್ರ ಇನ್ನೂ ಚುಚ್ಚುತ್ತಿದೆ.

ಕೋರ್ಟ್_ರಸ್ತೆ, ಕೋಲಾರ

ಹೆಸರಿನ ವಿಷಯಕ್ಕೆ ನಾನು ಚಿಕ್ಕದಾಗಿ ಹೇಳುತ್ತೇನೆ, ವಕೀಲಿ ಮಾಡುವವನು.

1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕರು ಅನ್ನುವ ಮಾತಿಗೆ ಗಾಯಕರು, ನಟರು ಮಾತ್ರ ಅಲ್ಲ, ವಾದ್ಯ ನುಡಿಸುವವರೂ ಸೇರುತ್ತಾರೆ. 2012ರ ತಿದ್ದುಪಡಿ ಆದ ಮೇಲೆ 38ಎ, 38ಬಿ ಅಂತ ಎರಡು ಕಲಂ ಬಂದಿವೆ. ಮೊದಲನೆಯದು ವಾಣಿಜ್ಯ ಬಳಕೆಯಾದಾಗ ರಾಯಲ್ಟಿ ವಿಷಯ. ಎರಡನೆಯದರಲ್ಲಿ ನುಡಿಸಿದ್ದು ನಾನು ಅಂತ ಗುರುತಿಸಿಕೊಳ್ಳುವ ಹಕ್ಕಿದೆ. ಆದರೆ ಸಿನಿಮಾ ಆದರೆ ಒಂದು ಕೊಕ್ಕೆ ಇದೆ. ಪಾತ್ರ ಚಿಕ್ಕದು, ಉದ್ಯಮದ ರೂಢಿಯಲ್ಲಿ ಹೆಸರು ಹಾಕುವುದಿಲ್ಲ ಅಂತಾದರೆ, ಅಂಥವರನ್ನು ಕಾಯ್ದೆ ಪ್ರದರ್ಶಕರು ಅಂತಲೇ ನೋಡುವುದಿಲ್ಲ, ನುಡಿಸಿದ್ದನ್ನು ವಿಕಾರ ಮಾಡಿದರೆ ಆಕ್ಷೇಪಿಸುವ ಹಕ್ಕೊಂದು ಬಿಟ್ಟರೆ. ಅದಕ್ಕೇ ಹೆಸರು ಬರಬೇಕು ಅನ್ನೋದು ಬರೀ ಆಸೆಯ ಮಾತಲ್ಲ.

ಜಗಳಕ್ಕೆ ಹೋಗಬೇಡಿ. ಮುಂದಿನ ಸಲ ಒಪ್ಪಿಕೊಳ್ಳುವಾಗಲೇ 'ಗಿಟಾರ್ ಅಂತ ನನ್ನ ಹೆಸರು ಹಾಕುತ್ತೀರಲ್ವಾ' ಅಂತ ಒಂದು ಮೆಸೇಜ್ ಮಾಡಿ, ಹ್ಞೂಂ ಅಂದಿದ್ದನ್ನು ಉಳಿಸಿಕೊಳ್ಳಿ. ಈಗಿನ ಹಾಡಿಗೂ ಒಂದು ಸಲ ವಿನಯವಾಗಿ ಕೇಳಿ. ಹಾಡಿನ ಕೆಳಗಿನ ವಿವರ ಎರಡು ನಿಮಿಷದಲ್ಲಿ ತಿದ್ದಬಹುದು. ಎಷ್ಟೋ ಸಲ ಮರೆತಿರುತ್ತಾರೆ ಅಷ್ಟೇ.

ಬಂಗಾರಪೇಟೆ_ಟೀಚರ್, ಕೋಲಾರ ಜಿಲ್ಲೆ

ತಡವಾಗಿ ಬಂದೆ, ಸಂಜೆ ಮಕ್ಕಳಿಗೆ ಕ್ಲಾಸ್ ಇತ್ತು. ನಾನು ಇಲ್ಲಿ ಗಿಟಾರ್ ಹೇಳಿಕೊಡುತ್ತೇನೆ. ಎಲ್ಲರೂ ಲೀಡ್ ಬಗ್ಗೆನೇ ಮಾತಾಡಿದಿರಿ. ಆ ಟಕ್ ಟಕ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅದರ ಬಗ್ಗೆ ಹೇಳುತ್ತೇನೆ.

ನಮ್ಮಪ್ಪ ಕೆಜಿಎಫ್ ಗಣಿಯಲ್ಲಿದ್ದವರು. ನಾನು ಬೆಳೆದದ್ದು ಊರಿಗಾಂ ಕಡೆಯ ಕ್ವಾರ್ಟರ್ಸ್‌ನಲ್ಲಿ. ಕೆಜಿಎಫ್‌ನಲ್ಲಿ ಗಿಟಾರ್ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ಕ್ಲಬ್ಬು, ಡ್ಯಾನ್ಸು ಎಲ್ಲಾ ಇತ್ತು, ಲಿಟಲ್ ಇಂಗ್ಲೆಂಡ್ ಅಂತಲೇ ಕರೆಯುತ್ತಿದ್ದರು. ನಮ್ಮ ಸಾಲಿನಲ್ಲಿ ಒಬ್ಬರು ಆಂಗ್ಲೋ ಇಂಡಿಯನ್ ಅಂಕಲ್ ಇದ್ದರು. ಹರೆಯದಲ್ಲಿ ಕ್ಲಬ್ಬಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು. ಹೊಟ್ಟೆ ದಪ್ಪ ಇರುವ ಹಳೇ ಗಿಟಾರು ಅವರದು, ಬಣ್ಣ ಎಲ್ಲಾ ಎದ್ದುಹೋಗಿತ್ತು, ಮೊಣಕೈ ತಾಗುವ ಜಾಗದಲ್ಲಿ ಬರೀ ಮರ ಕಾಣುತ್ತಿತ್ತು.

ನಾನು ಹನ್ನೆರಡು ವರ್ಷದವಳು ಹೋಗಿ ಲೀಡ್ ಕಲಿಸಿ ಅಂಕಲ್ ಅಂದೆ. ಅವರು ಜೇಬಿನಿಂದ ಕರ್ಚೀಫ್ ತೆಗೆದು ನನ್ನ ಗಿಟಾರಿನ ತಲೆಯ ಹತ್ತಿರ ತಂತಿಗಳಿಗೆ ಸುತ್ತಿದರು. ತಂತಿ ಝೇಂಕರಿಸಬಾರದು ಅಂತ. ಗೋಡೆಯಲ್ಲಿ ಒಂದು ಪೆಂಡುಲಂ ಗಡಿಯಾರ ಇತ್ತು. ಅದರ ಎರಡನೇ ಬಡಿತಕ್ಕೆ, ನಾಲ್ಕನೇ ಬಡಿತಕ್ಕೆ ಮಾತ್ರ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹೊಡಿ, ಅರ್ಧ ಗಂಟೆ ಅಂದರು. ಹತ್ತು ನಿಮಿಷಕ್ಕೆ ಅಳು ಬಂತು. ಕೈ ನೋವಿಗಲ್ಲ, ನಾನು ಪ್ರತಿ ಸಲ ಚೂರು ಮುಂದೆ ಹೋಗುತ್ತಿದ್ದೆ. ನನಗೆ ಗೊತ್ತಾಗುತ್ತಿರಲಿಲ್ಲ, ಅವರಿಗೆ ಗೊತ್ತಾಗುತ್ತಿತ್ತು. ಮಾತಾಡುತ್ತಿರಲಿಲ್ಲ, ಕಾಲ ಹೆಬ್ಬೆರಳನ್ನು ನೆಲಕ್ಕೆ ಒಂದು ಸಲ ಒತ್ತುತ್ತಿದ್ದರು ಅಷ್ಟೇ. ಮೂರು ತಿಂಗಳು ಇದೇ ನಡೆಯಿತು. ಮಳೆಗಾಲದ ಒಂದು ಸಂಜೆ ಆ ಹೆಬ್ಬೆರಳು ಅಲ್ಲಾಡಲೇ ಇಲ್ಲ. ಅರ್ಧ ಗಂಟೆ ಆದ ಮೇಲೆ ಕರ್ಚೀಫ್ ಬಿಚ್ಚಿ ಕೊಟ್ಟರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮನೆಯವರೆಲ್ಲಾ ಊರು ಬಿಟ್ಟರು. ಆ ಕರ್ಚೀಫ್ ನನ್ನ ಹತ್ತಿರ ಇದೆ.

ಅದಕ್ಕೆ ಹೇಳುತ್ತಿದ್ದೇನೆ ತಮ್ಮಾ, ನಿದ್ದೆಗೆಟ್ಟು ರೈಲಿನಲ್ಲಿ ಹೋಗಿ, ಮೊದಲ ಸಲ ಸ್ಟುಡಿಯೋದಲ್ಲಿ ಕೂತು, ಗುರುತಿಲ್ಲದವರ ಮುಂದೆ ನುಡಿಸಿದ ರಿದಂ ಎಂಟು ಬಾರ್ ಹಾಡಿನಲ್ಲಿ ಉಳಿದಿದೆ ಅಂದರೆ ನಿಮ್ಮ ತಾಳ ಅಲ್ಲಿ ಗಟ್ಟಿಯಾಗಿತ್ತು. ತಾಳ ಆಚೀಚೆ ಆಗಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ. ಮಿಕ್ಸಿಂಗ್ ಮಾಡುವ ತಮ್ಮ ಇದ್ದಾರಲ್ಲ, ಕೇಳಿ ನೋಡಿ.

ತೆಗೆದುಹಾಕೋದಂತೂ ಎಲ್ಲರಿಗೂ ಆಗುತ್ತೆ. ಸ್ಟೀಲಿ ಡ್ಯಾನ್ ಅನ್ನುವ ಅಮೆರಿಕದ ಬ್ಯಾಂಡಿನವರು 1977ರ 'ಏಜಾ' ಆಲ್ಬಂನಲ್ಲಿ 'ಪೆಗ್' ಅನ್ನುವ ಹಾಡಿನ ಒಂದು ಸೋಲೋಗೆ ಒಬ್ಬರಾದ ಮೇಲೊಬ್ಬರು ದೊಡ್ಡ ದೊಡ್ಡ ಗಿಟಾರಿಸ್ಟ್‌ಗಳನ್ನು ಕರೆಸಿದರು, ಯಾರದೂ ಒಪ್ಪಿಗೆ ಆಗಲಿಲ್ಲ. ಕೊನೆಗೆ ಉಳಿದದ್ದು ಜೇ ಗ್ರೇಡನ್ ನುಡಿಸಿದ್ದು, ಮೇಲೆ ಅಣ್ಣ ಹೇಳಿದರಲ್ಲ ಅವರೇ. ಆ ಮಿಕ್ಕವರೆಲ್ಲಾ ಮರುದಿನ ಬೇರೆ ಸ್ಟುಡಿಯೋಗೆ ಹೋಗಿ ಬೇರೆ ಹಾಡಿಗೆ ನುಡಿಸಿದರು. ಲ್ಯಾರಿ ಕಾರ್ಲ್‌ಟನ್ ಅಂತ ಇನ್ನೊಬ್ಬರು, 70ರ ದಶಕದಲ್ಲಿ ಅವರು ನುಡಿಸದ ದಿನವೇ ಇರಲಿಲ್ಲ ಅನ್ನಬೇಕು. 1988ರ ಏಪ್ರಿಲ್‌ನಲ್ಲಿ ಅವರ ಸ್ಟುಡಿಯೋ ಬಾಗಿಲಲ್ಲೇ ಯಾರೋ ಗುಂಡು ಹಾರಿಸಿದರು, ಗಂಟಲಿಗೆ ತಗುಲಿತು. ಅದರಿಂದ ಚೇತರಿಸಿಕೊಂಡು ಮತ್ತೆ ಗಿಟಾರ್ ಹಿಡಿದರು, ಅರ್ಧಕ್ಕೆ ನಿಂತಿದ್ದ ಆಲ್ಬಂ ಮುಗಿಸಿದರು. ಅವರ ನುಡಿಸಾಣಿಕೆ ಕೇಳಿ, 335 ಅನ್ನುವ ಮಾದರಿಯ ಒಂದು ಗಿಟಾರು, ಕಾಲ ಕೆಳಗೆ ಒಂದು ವಾಲ್ಯೂಮ್ ಪೆಡಲ್. ಸ್ವರ ಎಲ್ಲಿಂದ ಬಂತು ಅಂತಲೇ ಗೊತ್ತಾಗಲ್ಲ, ಮಂಜಿನ ಹಾಗೆ ಏಳುತ್ತೆ.

ನಮ್ಮ ಕಡೆಗೂ ಬನ್ನಿ. ಇಳಯರಾಜ ಮೊದಲು ಮದ್ರಾಸಿನಲ್ಲಿ ಬೇರೆಯವರ ಹಾಡಿಗೆ ಗಿಟಾರ್ ನುಡಿಸುತ್ತಿದ್ದವರು. ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದರು. 1976ರಲ್ಲಿ ಸ್ವಂತ ಸಿನಿಮಾ ಬರುವ ತನಕ ಅವರ ಕೈ ಎಷ್ಟೋ ಕನ್ನಡ ಹಾಡುಗಳೊಳಗೆ ಓಡಾಡಿದೆ. ಮನೆಯಲ್ಲಿ ರೇಡಿಯೋದಲ್ಲಿ ರಾಜ್‌ಕುಮಾರ್ ಹಾಡು ಬಂದರೆ ನಾನು ಈಗಲೂ ಕೆಲಸ ಬಿಟ್ಟು ಹಿಂದಿನ ಗಿಟಾರನ್ನು ಹುಡುಕುತ್ತೇನೆ.

ಏನು ಕಲಿಯಬೇಕು ಅಂತ ಕೇಳಿದಿರಿ. ಒಂದು, ಕ್ಲಿಕ್ ಜೊತೆ ದಿನಾ ರಿದಂ. ಬಹಳ ನಿಧಾನಕ್ಕೆ ಇಟ್ಟುಕೊಳ್ಳಿ, ನಿಮಿಷಕ್ಕೆ 50 ಬಡಿತ. ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತೆ, ನಿಧಾನದಲ್ಲಿ ಎಲ್ಲಾ ಕಾಣುತ್ತೆ. ಆಮೇಲೆ ಓದೋದು. ಸ್ಟಾಫ್ ನೊಟೇಷನ್ ಒಂದು ವರ್ಷ ಹಿಡಿಯುತ್ತೆ, ಅದಕ್ಕೆ ಮೊದಲು ಕಾರ್ಡ್ ಚಾರ್ಟ್ ಓದಿ ನುಡಿಸೋದು ಎರಡು ತಿಂಗಳಲ್ಲಿ ಬರುತ್ತೆ. ಮತ್ತೆ ಒಂದೇ ಕಾರ್ಡನ್ನು ಗಿಟಾರಿನ ಕತ್ತಿನ ಮೇಲೆ ನಾಲ್ಕು ಜಾಗದಲ್ಲಿ ಹಿಡಿಯೋಕೆ ಬರಬೇಕು. ಕೀಬೋರ್ಡ್ ಮಧ್ಯದಲ್ಲಿದ್ದರೆ ನೀವು ಮೇಲೆ ಹೋಗಬೇಕಾಗುತ್ತೆ. ಕೆಲಸ ಬಿಡೋ ಮಾತು ಒಂದು ವರ್ಷ ಎತ್ತಬೇಡಿ.

ನಂದಿಬೆಟ್ಟದ_ಕೆಳಗೆ, ಚಿಕ್ಕಬಳ್ಳಾಪುರ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ರಿದಂ ಗಿಟಾರ್ ಒಂದು ಚೂರು ಅಲ್ಲಾಡಿದರೂ ಡ್ರಮ್ಸ್ ಸಪ್ಪೆಯಾಗಿ ಕೇಳುತ್ತೆ. ತಿದ್ದುತ್ತಾ ಕೂರೋಕೆ ಯಾರಿಗೂ ಟೈಮಿಲ್ಲ, ಮ್ಯೂಟ್ ಒತ್ತಿ ಮುಂದೆ ಹೋಗುತ್ತೇವೆ. ಬ್ರೋ, ನನ್ನ ಹತ್ತಿರ ಒಂದು ಜನಪದ ಹಾಡಿದೆ, ಬರೀ ರಿದಂ ಬೇಕು. ದುಡ್ಡು ಜಾಸ್ತಿ ಇಲ್ಲ, ಹೆಸರು ಖಂಡಿತ ಹಾಕುತ್ತೇನೆ. ಆಸಕ್ತಿ ಇದ್ದರೆ ಮೆಸೇಜ್ ಮಾಡಿ.

ಹಳೇ_ಆರ್ಕೆಸ್ಟ್ರಾ, ತುಮಕೂರು

ಹಾಡು ಕೇಳಿದೆ ತಮ್ಮಾ. ಎರಡನೇ ಚರಣದಲ್ಲಿ ತಬಲ ನಿಂತುಬಿಡುತ್ತಲ್ಲ, ಅಲ್ಲಿ ಹಾಡುವವರನ್ನು ಎತ್ತಿ ಹಿಡಿದಿರೋದು ನಿನ್ನ ಗಿಟಾರ್ ಒಂದೇ. ಐದನೇ ಬಾರ್‌ನಲ್ಲಿ ಅವರು ಒಂದು ಅಕ್ಷರ ಎಳೆದು ತಡ ಮಾಡುತ್ತಾರೆ, ನೀನು ತಡ ಮಾಡಿಲ್ಲ. ಹಾಗಾಗಿ ಅವರು ವಾಪಸ್ ಬಂದು ಸರಿಯಾಗಿ ಕೂತಿದ್ದಾರೆ. ನನ್ನ ಹೆಂಡತಿಗೂ ಕೇಳಿಸಿದೆ, ಆ ಜಾಗ ಬಂದಾಗ ಬೆರಳು ಮಾಡಿ ತೋರಿಸಿದೆ. ನಿಮ್ಮಮ್ಮನಿಗೂ ಹಾಗೇ ತೋರಿಸು, ತಬಲ ನಿಲ್ಲೋ ಜಾಗ ಅಂತ ಹೇಳು, ಗೊತ್ತಾಗುತ್ತೆ.

ಶಿರಾಗೇಟ್_ಹುಡುಗ, ತುಮಕೂರು

ತಬಲ ನಿಲ್ಲೋದು ನಾನು ಗಮನಿಸಿಯೇ ಇರಲಿಲ್ಲ ಅಣ್ಣ. ನುಡಿಸುವಾಗ ತಬಲ ಇತ್ತು, ಆಮೇಲೆ ತೆಗೆದಿದ್ದಾರೆ. ಅಂದರೆ ನನ್ನದನ್ನು ಇಟ್ಟುಕೊಂಡು ಅದನ್ನು ತೆಗೆದಿದ್ದಾರೆ.

ಅಮ್ಮನಿಗೆ ತೋರಿಸಿದೆ. ಎರಡನೇ ಸಲ ಹಾಕಿಸಿಕೊಂಡು ಕೇಳಿದರು, ತಲೆ ಆಡಿಸಿದರು.

ಸಂಗೀತ ನಿರ್ದೇಶಕರಿಗೆ ಹೆಸರಿನ ಬಗ್ಗೆ ಮೆಸೇಜ್ ಕಳಿಸಿದ್ದೇನೆ, ಇನ್ನೂ ನೋಡಿಲ್ಲ. ಜನಪದ ಹಾಡಿಗೆ ನಾನು ರೆಡಿ ಬ್ರೋ, ಈ ವಾರ ಎರಡನೇ ಪಾಳಿ, ಬೆಳಿಗ್ಗೆ ಹೊತ್ತು ಖಾಲಿ ಇರುತ್ತೇನೆ. ಟೀಚರ್ ಅಕ್ಕ, ನೀವು ಭಾನುವಾರ ಕ್ಲಾಸ್ ತಗೋತೀರಾ? ತುಮಕೂರಿನಿಂದ ಬೆಂಗಳೂರಿಗೆ ಬಂದು ಅಲ್ಲಿಂದ ಬಂಗಾರಪೇಟೆ ರೈಲು ಹಿಡಿದರೆ ಮಧ್ಯಾಹ್ನದೊಳಗೆ ಬರಬಹುದು ಅನ್ನಿಸುತ್ತೆ.

ಬಂಗಾರಪೇಟೆ_ಟೀಚರ್, ಕೋಲಾರ ಜಿಲ್ಲೆ

ಬನ್ನಿ. ಊಟ ಇಲ್ಲೇ. ಗಿಟಾರ್ ಮಾತ್ರ ತನ್ನಿ, ಪೆಡಲ್ ಎಲ್ಲಾ ಮನೆಯಲ್ಲೇ ಇರಲಿ.